ಅಳಿಸುವ ಮುನ್ನ ಒಂದು ಪ್ರತಿ

ಚೈತ್ರಮಾಸದ ಹುಣ್ಣಿಮೆಯ ಹೊತ್ತಿಗೆ ಹಂಪಿಯ ವಿರೂಪಾಕ್ಷಸ್ವಾಮಿಯ ತೇರು ಎಳೆಯುವುದು ನಮ್ಮ ಸೀಮೆಯವರಿಗೆಲ್ಲ ತಿಳಿದ ಸಂಗತಿಯೇ. ಹೊಸಪೇಟೆ, ಕಂಪ್ಲಿ, ಸಂಡೂರುಗಳಿಂದಲೂ ಸುತ್ತಮುತ್ತಲ ಹಳ್ಳಿಗಳಿಂದಲೂ ಬಂದ ಭಕ್ತಸಮೂಹ ಹಂಪಿ ಬಜಾರಿನ ಆ ಅಗಲವಾದ ಬೀದಿಯಲ್ಲಿ ಕಿಕ್ಕಿರಿದು ನಿಲ್ಲುತ್ತದೆ. ಪಶ್ಚಿಮಕ್ಕೆ ದೇವಾಲಯದ ಮಹಾಗೋಪುರ, ಪೂರ್ವದ ತುದಿಗೆ ಎದುರು ಬಸವಣ್ಣ, ನಡುವೆ ಎರಡೂ ಬದಿಗೆ ಕಲ್ಲುಮಂಟಪಗಳ ಸಾಲು. ತೇರು ಕದಲಿದೊಡನೆ ಬಾಳೆಹಣ್ಣು, ಉತ್ತತ್ತಿಗಳು ಗಾಳಿಯಲ್ಲಿ ಹಾರುತ್ತವೆ. ಇತ್ತೀಚಿನ ವರ್ಷಗಳಲ್ಲಿ ಅವುಗಳ ಜೊತೆಗೆ ಸಾವಿರಾರು ಕೈಗಳು ಫೋನು ಹಿಡಿದು ಮೇಲೇಳುತ್ತವೆ.

2024ರ ತೇರಿನಂದು ಹಾಗೆ ಮೇಲೆದ್ದ ಕೈಗಳಲ್ಲಿ ನಮ್ಮದೂ ಒಂದು. ಗಾಲಿಗಳು ಇನ್ನೇನು ಉರುಳಬೇಕು, ಅಷ್ಟರಲ್ಲಿ ಫೋನಿನ ತೆರೆಯ ಮೇಲೆ ಸ್ಟೋರೇಜ್ ತುಂಬಿದೆ, ವಿಡಿಯೋ ತೆಗೆಯಲಾಗದು ಎಂಬ ಸೂಚನೆ ಬಂದಿತು. ನಾವು ಗಾಬರಿಯಿಂದ ಪಕ್ಕದ ಮಂಟಪದ ನೆರಳಿಗೆ ಸರಿದು, ಏನನ್ನಾದರೂ ಅಳಿಸಿ ಜಾಗ ಮಾಡಿಕೊಳ್ಳಲು ತೊಡಗಿದೆವು. ವಾಟ್ಸಾಪಿನಲ್ಲಿ ಐದು ಎಂಬಿಗಿಂತ ದೊಡ್ಡವೆಲ್ಲವನ್ನೂ ಒಂದೇ ಕಡೆ ತೋರಿಸುವ ಪಟ್ಟಿಯೊಂದಿದೆ. ಅದನ್ನು ತೆರೆದೆವು. ಒಂದೊಂದನ್ನೇ ನೋಡುವಷ್ಟು ವ್ಯವಧಾನವಿರಲಿಲ್ಲ. ಎಲ್ಲವನ್ನೂ ಒಮ್ಮೆಗೇ ಆಯ್ದು ಅಳಿಸಿಬಿಟ್ಟೆವು. ಗೂಗಲ್‌ನಲ್ಲಿ ಹೇಗೂ ಎಲ್ಲವೂ ಇರುತ್ತದೆ ಎಂಬುದು ನಮ್ಮ ಧೈರ್ಯವಾಗಿತ್ತು. ಜಾಗವಾಯಿತು, ತೇರಿನ ವಿಡಿಯೋ ಚೆನ್ನಾಗಿಯೇ ಬಂದಿತು. ಏನು ಕಳೆದುಕೊಂಡೆವೆಂಬುದು ತಿಳಿಯಲು ಇನ್ನೂ ಕೆಲವು ವಾರಗಳು ಬೇಕಾಗಿದ್ದವು.

ನಮ್ಮ ಅವ್ವನವರು ಲಿಂಗೈಕ್ಯರಾದದ್ದು 2022ರಲ್ಲಿ. ಅವರು ಕಂಪ್ಲಿಯಲ್ಲಿ ತಮ್ಮನ ಮನೆಯಲ್ಲಿದ್ದರು. 2020ರಲ್ಲಿ ಲಾಕ್‌ಡೌನ್ ಆಗಿ ಹೋಗಿಬರುವುದು ನಿಂತಾಗ, ಮೊಮ್ಮಗಳು ಅವ್ವನ ಪುಟ್ಟ ಫೋನಿನಲ್ಲಿಯೇ ಅವರು ವಚನ ಹೇಳುವುದನ್ನು ವಿಡಿಯೋ ಮಾಡಿ ನಮಗೆ ಕಳುಹಿಸುತ್ತಿದ್ದಳು. ಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿಯಾಗಿರುವಾಗಲೇ, ಇಷ್ಟಲಿಂಗವನ್ನು ಕರಡಿಗೆಯಲ್ಲಿರಿಸಿಕೊಳ್ಳುತ್ತ ಅವ್ವ ಹಾಡುತ್ತಿದ್ದರು. ವಚನಗಳ ಮಾತು ಪುಸ್ತಕಗಳಲ್ಲಿ ಇದ್ದೇ ಇದೆ. ಆದರೆ ಅವ್ವನ ಧಾಟಿ ಯಾವ ಪುಸ್ತಕದಲ್ಲಿಯೂ ಇಲ್ಲ. ಅದು ಅವರಿಗೆ ತಮ್ಮ ತಾಯಿಯಿಂದ ಬಂದದ್ದು. ಅಂಥ ಐದು ವಿಡಿಯೋಗಳು ನಮ್ಮಲ್ಲಿದ್ದವು. ಪ್ರತಿ ವರ್ಷದ ಪುಣ್ಯಸ್ಮರಣೆಯ ದಿನ ಮನೆಯವರೆಲ್ಲ ಕುಳಿತು ಅವುಗಳನ್ನು ಕೇಳುವುದೆಂದು ನಿಶ್ಚಯಿಸಿಕೊಂಡಿದ್ದೆವು.

ಆ ವರ್ಷದ ಸ್ಮರಣೆಯ ದಿನ ಫೋನು ತೆರೆದರೆ ಅವ್ವ ಇರಲಿಲ್ಲ. ಗೂಗಲ್ ಫೋಟೋಸ್‌ನಲ್ಲಿ ಹುಡುಕಿದೆವು. ನಾವು ಕ್ಯಾಮೆರಾದಲ್ಲಿ ತೆಗೆದವೆಲ್ಲ ಅಲ್ಲಿದ್ದವು, ವಾಟ್ಸಾಪಿನಲ್ಲಿ ಬಂದವು ಒಂದೂ ಇರಲಿಲ್ಲ. ಕ್ಯಾಮೆರಾದ ಚಿತ್ರಗಳ ಬ್ಯಾಕಪ್ಪು ನಡೆಯುತ್ತಿದ್ದರೂ, ವಾಟ್ಸಾಪಿನಂಥ ಬೇರೆ ಫೋಲ್ಡರುಗಳನ್ನು ನಾವೇ ಆಯ್ದು ಸೇರಿಸದಿದ್ದರೆ ಅವು ಅಲ್ಲಿಗೆ ಹೋಗುವುದಿಲ್ಲ ಎಂಬುದು ನಮಗೆ ತಿಳಿದಿರಲಿಲ್ಲ. ವಾಟ್ಸಾಪಿಗೆ ತನ್ನದೇ ಆದ ಬ್ಯಾಕಪ್ಪು ಉಂಟು. ಆದರೆ ಅದರಲ್ಲಿ ವಿಡಿಯೋಗಳನ್ನೂ ಸೇರಿಸು ಎಂಬ ಗುಂಡಿ ಬೇರೆಯೇ ಇದೆ. ನಾವು ಅದನ್ನು ಒತ್ತಿರಲಿಲ್ಲ. ಫೋನಿನ ಫೋಟೋ ಸಂಗ್ರಹದಲ್ಲಿ ಅಳಿಸಿದ್ದನ್ನು ಕೆಲವು ದಿನ ಕಾದಿಡುವ ಕಸದ ಬುಟ್ಟಿಯೊಂದಿರುತ್ತದೆ. ವಾಟ್ಸಾಪಿನ ಆ ಪಟ್ಟಿಯಿಂದ ಅಳಿಸಿದ್ದಕ್ಕೆ ಅಂಥ ಬುಟ್ಟಿಯೂ ಇಲ್ಲ. ಅವ್ವನ ಹಳೆಯ ಫೋನು ಕೆಟ್ಟು ಎಂದೋ ಮೂಲೆ ಸೇರಿತ್ತು. ಯಾರನ್ನೂ ದೂರುವಂತಿರಲಿಲ್ಲ. ತಪ್ಪು ನಮ್ಮದೇ.

ದುಃಖವನ್ನು ತಮ್ಮನಿಗೆ ಹೇಳಿಕೊಳ್ಳಲು ಕಂಪ್ಲಿಗೆ ಕರೆ ಮಾಡಿದೆವು. ಫೋನು ಎತ್ತಿಕೊಂಡವಳು ಅವನ ಮಗಳು. ಎಲ್ಲವನ್ನೂ ಕೇಳಿದ ಮೇಲೆ, "ಅಷ್ಟಕ್ಕ ಯಾಕ ಅಳ್ತೀರಿ ದೊಡ್ಡಪ್ಪಾ? ನಮ್ಮವ್ವನ ಫೋನಿನಾಗ ಅದಾವ ನೋಡ್ರಿ" ಎಂದಳು. ಐದರಲ್ಲಿ ಮೂರನ್ನು ಮನೆಯವರೆಲ್ಲರೂ ಇರುವ ಗುಂಪಿಗೆ ಕಳುಹಿಸಿದ್ದರಂತೆ. ನಾವು ನಮ್ಮ ಫೋನಿನಿಂದ ಅಳಿಸಿದರೆ ಅಳಿಯುವುದು ನಮ್ಮ ಪ್ರತಿ ಮಾತ್ರ. ನಾದಿನಿಯ ಫೋನಿನಲ್ಲಿ ಅವು ಹಾಗೆಯೇ ಉಳಿದಿದ್ದವು. ಅರ್ಧಗಂಟೆಯೊಳಗೆ ಮೂರೂ ಮರಳಿ ಬಂದವು. ಉಳಿದೆರಡನ್ನು ಅವ್ವ ನಮಗೊಬ್ಬರಿಗೇ ಕಳುಹಿಸಿದ್ದರು. ಅವು ಬರಲಿಲ್ಲ. ಇನ್ನು ಬರುವುದೂ ಇಲ್ಲ.

ಅಂದಿನಿಂದ ಈ ವಿಷಯವನ್ನು ನಾವು ಬಹಳವಾಗಿ ಯೋಚಿಸಿದ್ದೇವೆ. ಮೂರು ಉಳಿದದ್ದೇಕೆ, ಎರಡು ಅಳಿದದ್ದೇಕೆ? ಉಳಿದವು ಎರಡು ಮನೆಗಳಲ್ಲಿದ್ದವು, ಅಳಿದವು ಒಂದೇ ಮನೆಯಲ್ಲಿದ್ದವು. ವ್ಯತ್ಯಾಸ ಇಷ್ಟೇ. ನಮ್ಮ ಸಮಾಜದವರಿಗೆ ಇದು ಹೊಸ ಪಾಠವೂ ಅಲ್ಲ. 12ನೆಯ ಶತಮಾನದಲ್ಲಿ ಕಲ್ಯಾಣದ ಕ್ರಾಂತಿಯ ನಂತರ ಶರಣರು ವಚನಗಳ ಕಟ್ಟುಗಳನ್ನು ಹೊತ್ತುಕೊಂಡು ಚದುರಿದರೆಂಬುದನ್ನು ನಾವೆಲ್ಲ ಹಿರಿಯರ ಬಾಯಿಂದ ಕೇಳಿದ್ದೇವೆ. 15ನೆಯ ಶತಮಾನದಲ್ಲಿ ಪ್ರೌಢದೇವರಾಯನ ಕಾಲಕ್ಕೆ, ಇದೇ ವಿಜಯನಗರದ ನೆರಳಿನಲ್ಲಿ, ವಚನಗಳನ್ನು ಹುಡುಕಿ, ಕೂಡಿಸಿ, ಪ್ರತಿ ಮಾಡುವ ಕಾರ್ಯ ದೊಡ್ಡದಾಗಿ ನಡೆಯಿತು. ಆ ಕಾಲದ ನೂರೊಂದು ವಿರಕ್ತರನ್ನು ಪರಂಪರೆ ಇಂದಿಗೂ ಸ್ಮರಿಸುತ್ತದೆ. ಲಕ್ಕಣ್ಣ ದಂಡೇಶ 'ಶಿವತತ್ತ್ವ ಚಿಂತಾಮಣಿ'ಯನ್ನೂ ಚಾಮರಸ 'ಪ್ರಭುಲಿಂಗಲೀಲೆ'ಯನ್ನೂ ರಚಿಸಿದ್ದು ಆ ದಿನಗಳಲ್ಲಿಯೇ. ಓಲೆಗರಿ ಹುಳು ತಿನ್ನುವ, ಮುರಿಯುವ ವಸ್ತು. ಹಳೆಯ ಗರಿ ಹಾಳಾಗುವ ಮೊದಲೇ ಹೊಸ ಗರಿಯ ಮೇಲೆ ಪ್ರತಿಯೆತ್ತುವವರು ತಲೆಮಾರಿನಿಂದ ತಲೆಮಾರಿಗೆ ಇದ್ದುದರಿಂದ, ಮತ್ತು ಆ ಪ್ರತಿಗಳು ಒಂದೇ ಕಡೆ ಇರದೆ ಹಲವು ಮಠಗಳಲ್ಲಿ, ಹಲವು ಮನೆಗಳಲ್ಲಿ ಇದ್ದುದರಿಂದ ವಚನಗಳು ನಮ್ಮವರೆಗೆ ಬಂದವು.

ಆದರೂ ಒಂದು ಅಪಾಯ ಉಳಿದೇ ಇತ್ತು. ಎಷ್ಟೋ ಮನೆಗಳಲ್ಲಿ ಓಲೆಗರಿಯ ಕಟ್ಟುಗಳನ್ನು ಜಗಲಿಯ ಮೇಲಿಟ್ಟು ಪೂಜಿಸುತ್ತಿದ್ದರೇ ಹೊರತು ಬಿಚ್ಚಿ ನೋಡುವವರು ವಿರಳವಾಗಿದ್ದರು. ಫ.ಗು. ಹಳಕಟ್ಟಿಯವರು ಮನೆಮನೆ ತಿರುಗಿ ಅಂಥ ಕಟ್ಟುಗಳನ್ನು ಬಿಚ್ಚಿದರು, ಓದಿದರು, ಒಂದರೊಡನೆ ಒಂದನ್ನು ಹೋಲಿಸಿದರು. ಅವರ 'ವಚನಶಾಸ್ತ್ರಸಾರ'ದ ಮೊದಲ ಭಾಗ 1923ರಲ್ಲಿ ಅಚ್ಚಾಯಿತು. ಮುಂದೆ ಸ್ವಂತ ಮನೆಯನ್ನೇ ಮಾರಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದರು. ಬಿಚ್ಚಿ ನೋಡದ ಪ್ರತಿ ಇದ್ದೂ ಇಲ್ಲದಂತೆಯೇ ಎಂಬುದನ್ನು ಅವರ ಬಾಳು ನಮಗೆ ಕಲಿಸುತ್ತದೆ. ಗೂಗಲ್‌ನಲ್ಲಿ ಎಲ್ಲವೂ ಇದೆ ಎಂದು ನಂಬಿ ಒಮ್ಮೆಯೂ ತೆರೆದು ನೋಡದ ನಾವು, ಜಗಲಿಯ ಮೇಲಿನ ಕಟ್ಟಿಗೆ ಕೈಮುಗಿದು ಸುಮ್ಮನಾದವರಿಗಿಂತ ಬೇರೆಯಾಗಿರಲಿಲ್ಲ.

ಆದುದರಿಂದ, ಫೋನಿನಲ್ಲಿ ಜಾಗ ಮಾಡಿಕೊಳ್ಳುವ ಕ್ರಮವನ್ನು ನಾವು ಈಗ ಹೇಗೆ ಇಟ್ಟುಕೊಂಡಿದ್ದೇವೆ ಎಂಬುದನ್ನು ಬಂಧುಗಳ ಮುಂದಿಡುವುದು ಉಚಿತವೆಂದು ಭಾವಿಸುತ್ತೇವೆ. ಮೊದಲು ಪ್ರತಿ, ಆಮೇಲೆ ಪರೀಕ್ಷೆ, ಕೊನೆಗೆ ಅಳಿಸುವುದು. ಈ ಮೂರರ ಕ್ರಮ ತಪ್ಪಬಾರದು.

ಎಲ್ಲಕ್ಕೂ ಮೊದಲು, ಜಾಗವನ್ನು ಯಾವುದು ತಿನ್ನುತ್ತಿದೆ ಎಂದು ನೋಡಬೇಕು. ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ಎಂಬಲ್ಲಿಗೆ ಹೋದರೆ ಚಿತ್ರ, ವಿಡಿಯೋ, ಆ್ಯಪುಗಳು ಎಷ್ಟೆಷ್ಟು ಹಿಡಿದಿವೆ ಎಂಬ ಲೆಕ್ಕ ಕಾಣುತ್ತದೆ. ಒಂದು ಫೋಟೋ ಸಾಮಾನ್ಯವಾಗಿ ಕೆಲವೇ ಎಂಬಿಗಳಷ್ಟು, ವಿಡಿಯೋ ಹಾಗಲ್ಲ. ಒಂದು ನಿಮಿಷದ ವಿಡಿಯೋ ಸಾಧಾರಣ ಗುಣಮಟ್ಟದಲ್ಲಿಯೂ ಸುಮಾರು 60ರಿಂದ 130 ಎಂಬಿ ಹಿಡಿಯುತ್ತದೆ. 4ಕೆ ಎಂಬ ಮೇಲ್ದರ್ಜೆಯಲ್ಲಿ ಅದರ ಎರಡು ಮೂರು ಪಟ್ಟು. ಹತ್ತು ನಿಮಿಷ ತೇರು ಹಿಡಿದರೆ ಒಂದು ಜಿಬಿ ಹೋಯಿತೆಂದೇ ತಿಳಿಯಬೇಕು. ಆದ್ದರಿಂದ ಸಾವಿರ ಫೋಟೋಗಳನ್ನು ಅಳಿಸುತ್ತ ಕೂರುವುದಕ್ಕಿಂತ, ಬೇಡವಾದ ನಾಲ್ಕು ವಿಡಿಯೋಗಳನ್ನು ಗುರುತಿಸುವುದು ಮೇಲು.

ಎರಡನೆಯದಾಗಿ, ನೆನಪುಗಳಿಗೆ ಕೈ ಹಾಕದೆಯೇ ಸಿಗುವ ಜಾಗವನ್ನು ಮೊದಲು ಪಡೆಯಬೇಕು. ತೆರೆಯದೆ ತಿಂಗಳುಗಳಾದ ಆಟದ ಆ್ಯಪುಗಳು, ನೋಡಲೆಂದು ಇಳಿಸಿಕೊಂಡು ನೋಡಿ ಮುಗಿದ ಸಿನಿಮಾಗಳು, ಡೌನ್‌ಲೋಡ್ ಫೋಲ್ಡರಿನಲ್ಲಿ ಎರಡು ಮೂರು ಸಲ ಬಂದು ಕುಳಿತ ಒಂದೇ ಕಡತ, ಇವುಗಳನ್ನು ತೆಗೆದರೆ ನಷ್ಟವಿಲ್ಲ. ಆ್ಯಂಡ್ರಾಯ್ಡ್ ಫೋನಿನಲ್ಲಿ ಪ್ರತಿ ಆ್ಯಪಿಗೂ ಕ್ಯಾಶ್ ಎಂಬ ತಾತ್ಕಾಲಿಕ ಸಂಗ್ರಹವಿರುತ್ತದೆ. ಅದನ್ನು ತೆಗೆದರೂ ಆ್ಯಪು ಬೇಕಾದಾಗ ಮತ್ತೆ ಮಾಡಿಕೊಳ್ಳುತ್ತದೆ. ಆದರೆ ಇಲ್ಲಿ ಎಚ್ಚರಿಕೆ ಬೇಕು: ಕ್ಲಿಯರ್ ಕ್ಯಾಶ್ ಎಂಬ ಗುಂಡಿಯ ಪಕ್ಕದಲ್ಲಿಯೇ ಕ್ಲಿಯರ್ ಡೇಟಾ ಅಥವಾ ಕ್ಲಿಯರ್ ಸ್ಟೋರೇಜ್ ಎಂಬ ಇನ್ನೊಂದು ಗುಂಡಿ ಇರುತ್ತದೆ. ಅದು ಆ ಆ್ಯಪಿನಲ್ಲಿ ನಾವು ಇಟ್ಟದ್ದೆಲ್ಲವನ್ನೂ ಗುಡಿಸಿಹಾಕುತ್ತದೆ. ಮೊದಲಿನದು ಅಂಗಳ ಗುಡಿಸಿದಂತೆ, ಎರಡನೆಯದು ಮನೆಯ ಸಾಮಾನನ್ನೇ ಬೀದಿಗೆ ಹಾಕಿದಂತೆ. ಕ್ಷಣದಲ್ಲಿ ಜಾಗ ಮಾಡಿಕೊಡುತ್ತೇವೆಂದು ಜಾಹೀರಾತು ಕೊಡುವ ಅಪರಿಚಿತ ಆ್ಯಪುಗಳ ಗೊಡವೆಗಂತೂ ಹೋಗಬಾರದು. ಅವು ನಮ್ಮ ಚಿತ್ರ, ಸಂದೇಶ, ಸಂಪರ್ಕಗಳ ಮೇಲೆಲ್ಲ ಅಧಿಕಾರ ಕೇಳುತ್ತವೆ. ಫೋನಿನಲ್ಲಿಯೇ ಇರುವ ವ್ಯವಸ್ಥೆ ಸಾಕು.

ಮೂರನೆಯದು ವಾಟ್ಸಾಪು. ನಮ್ಮ ಮನೆಗಳ ಫೋನು ತುಂಬುವುದು ಬಹುಪಾಲು ಇದರಿಂದಲೇ. ಇದರ ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ಆ್ಯಂಡ್ ಡೇಟಾ, ಅದರೊಳಗೆ ಮ್ಯಾನೇಜ್ ಸ್ಟೋರೇಜ್ ಎಂಬಲ್ಲಿ ಎರಡು ಪಟ್ಟಿಗಳು ಕಾಣುತ್ತವೆ. ಒಂದು, ಹಲವು ಬಾರಿ ಕೈಬದಲಾಗಿ ಬಂದವು. ಇನ್ನೊಂದು, ಐದು ಎಂಬಿಗಿಂತ ದೊಡ್ಡವು. ಮೊದಲ ಪಟ್ಟಿಯಿಂದಲೇ ಆರಂಭಿಸಬೇಕು. ಅದರಲ್ಲಿ ನಮ್ಮ ಮನೆಯದೆಂಬುದು ಬಹಳ ಕಡಿಮೆ. ಎರಡನೆಯ ಪಟ್ಟಿಯಲ್ಲಿ ಮಾತ್ರ ಎಲ್ಲವನ್ನೂ ಒಮ್ಮೆಗೇ ಆಯುವ ಗುಂಡಿಯನ್ನು ಎಂದೂ ಒತ್ತಬಾರದು. ನಮ್ಮ ಅವ್ವ ಇದ್ದದ್ದು ಆ ಪಟ್ಟಿಯಲ್ಲಿ. ಬೇಕಾದ ಸಂದೇಶಗಳಿಗೆ ನಕ್ಷತ್ರದ ಗುರುತು ಹಾಕಿಟ್ಟರೆ, ಮುಂದೆ ಆ ಸಂಭಾಷಣೆಯನ್ನು ಬರಿದು ಮಾಡುವಾಗ ಗುರುತು ಇರುವುವನ್ನು ಉಳಿಸಿಕೊಳ್ಳುವ ಅವಕಾಶವಿದೆ. ಬಂದದ್ದೆಲ್ಲ ತಾನಾಗಿಯೇ ಇಳಿದುಕೊಳ್ಳುವ ಏರ್ಪಾಟನ್ನು ನಿಲ್ಲಿಸಿದರೆ ಅರ್ಧ ಭಾರ ಮುಂದೆ ಬರುವುದೇ ಇಲ್ಲ.

ಇನ್ನು ಪ್ರತಿಯ ಮಾತು. ಒಂದು ಪ್ರತಿ ಮನೆಯಲ್ಲಿ, ಇನ್ನೊಂದು ಮನೆಯ ಹೊರಗೆ ಇರಬೇಕು. ಮನೆಯಲ್ಲಿಯದು ಕಂಪ್ಯೂಟರೋ ಹಾರ್ಡ್ ಡಿಸ್ಕೋ ಪೆನ್‌ಡ್ರೈವೋ ಆಗಬಹುದು. ಫೋನಿನಿಂದ ಅದಕ್ಕೆ ಹಾಕುವಾಗ ಕಾಪಿ ಎಂಬುದನ್ನೇ ಬಳಸಬೇಕು; ಕಟ್ ಅಥವಾ ಮೂವ್ ಎಂಬುದನ್ನಲ್ಲ. ನಡುವೆ ವಿದ್ಯುತ್ ಹೋದರೆ, ತಂತಿ ಕಳಚಿದರೆ, ಎರಡೂ ಕಡೆ ಇಲ್ಲದಂತಾಗುವ ಭಯವಿದೆ. ಮನೆಯ ಹೊರಗಿನ ಪ್ರತಿಯೆಂದರೆ ಗೂಗಲ್, ಐಕ್ಲೌಡ್ ಮೊದಲಾದ ಅಂತರ್ಜಾಲದ ಸಂಗ್ರಹ. ಗೂಗಲ್ ಖಾತೆಗೆ 15 ಜಿಬಿ, ಐಕ್ಲೌಡಿಗೆ 5 ಜಿಬಿ ಉಚಿತವಾಗಿ ದೊರೆಯುತ್ತದೆ. ಗೂಗಲ್‌ನ 15 ಜಿಬಿಯಲ್ಲಿ ನಮ್ಮ ಮಿಂಚಂಚೆಯೂ ಸೇರಿದೆ. 2021ರ ಜೂನ್ 1ರ ನಂತರ ಹಾಕಿದ ಚಿತ್ರಗಳೂ ಅದೇ ಲೆಕ್ಕಕ್ಕೆ ಬರುತ್ತವೆ. ಆ್ಯಂಡ್ರಾಯ್ಡ್ ಫೋನಿನ ವಾಟ್ಸಾಪ್ ಬ್ಯಾಕಪ್ಪು 2024ರಿಂದ ಅದರೊಳಗೇ ಎಣಿಕೆಯಾಗುತ್ತಿದೆ. ಆ ಜಾಗ ತುಂಬಿದ ಮೇಲೆ ಹೊಸ ಚಿತ್ರಗಳ ಬ್ಯಾಕಪ್ಪು ನಿಂತುಹೋಗುತ್ತದೆ. ಅದನ್ನು ಗಮನಿಸದವರು ಪ್ರತಿ ಇದೆಯೆಂದೇ ನಂಬಿಕೊಂಡಿರುತ್ತಾರೆ.

ಇಲ್ಲಿಯೇ ಬಹಳ ಮಂದಿ ಎಡವುವ ಇನ್ನೊಂದು ಸ್ಥಳವಿದೆ. ಬ್ಯಾಕಪ್ಪು ಆಗಿದೆಯಲ್ಲಾ ಎಂದು ಗೂಗಲ್ ಫೋಟೋಸ್ ತೆರೆದು ಅದರಲ್ಲಿ ಚಿತ್ರವನ್ನು ಡಿಲೀಟ್ ಮಾಡಿದರೆ, ಅದು ಫೋನಿನಿಂದಲೂ ಹೋಗುತ್ತದೆ, ಗೂಗಲ್ ಸಂಗ್ರಹದಿಂದಲೂ ಹೋಗುತ್ತದೆ. ಫೋನಿನ ಜಾಗವನ್ನಷ್ಟೇ ತೆರವು ಮಾಡಬೇಕಾದರೆ ಅದಕ್ಕೆಂದೇ ಫ್ರೀ ಅಪ್ ಸ್ಪೇಸ್ ಎಂಬ ಬೇರೆ ಗುಂಡಿ ಇದೆ. ಅದು ಬ್ಯಾಕಪ್ಪು ಆದವನ್ನು ಮಾತ್ರ ಫೋನಿನಿಂದ ತೆಗೆಯುತ್ತದೆ. ಐಫೋನಿನಲ್ಲಿಯೂ ಐಕ್ಲೌಡ್ ಫೋಟೋಸ್ ಚಾಲನೆಯಲ್ಲಿದ್ದಾಗ ಫೋನಿನಲ್ಲಿ ಅಳಿಸಿದ್ದು ಎಲ್ಲೆಡೆಯೂ ಅಳಿಯುತ್ತದೆ; ಅಲ್ಲಿ ಆಪ್ಟಿಮೈಸ್ ಐಫೋನ್ ಸ್ಟೋರೇಜ್ ಎಂಬುದನ್ನು ಆರಿಸಿಕೊಳ್ಳಬೇಕು. ಕೈತಪ್ಪಿ ಅಳಿಸಿದರೆ ಕೂಡಲೇ ಕಸದ ಬುಟ್ಟಿಯನ್ನು ನೋಡಬೇಕು. ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ಪು ಆದವು 60 ದಿನ, ಆಗದವು 30 ದಿನ ಅಲ್ಲಿರುತ್ತವೆ. ಐಫೋನಿನಲ್ಲಿ 30 ದಿನ. ಆದಕಾರಣ ಅಳಿಸಿದ ದಿನವೇ ಬುಟ್ಟಿಯನ್ನು ಬರಿದು ಮಾಡುವ ಅವಸರ ಬೇಡ.

ಪ್ರತಿಯಾದ ಮೇಲೆ ಪರೀಕ್ಷೆ. ಫೋನಿನಲ್ಲಿ ಎಷ್ಟಿದ್ದವು, ಪ್ರತಿಯಲ್ಲಿ ಎಷ್ಟು ಬಂದವು ಎಂದು ಎಣಿಕೆ ತಾಳೆ ನೋಡಬೇಕು. ಮೊದಲಿನದೊಂದು, ನಡುವಿನದೊಂದು, ಕೊನೆಯದೊಂದು ತೆರೆದು ನೋಡಬೇಕು. ಬೆಲೆಯುಳ್ಳ ವಿಡಿಯೋ ಆಗಿದ್ದರೆ ಕೊನೆಯವರೆಗೆ ಓಡಿಸಿ, ಧ್ವನಿ ಬರುತ್ತದೆಯೇ ಎಂದು ಕೇಳಬೇಕು. ಪೆನ್‌ಡ್ರೈವು ಕೆಡುವ ವಸ್ತುವೆಂಬುದನ್ನು ಮರೆಯದೆ, ವರ್ಷಕ್ಕೊಮ್ಮೆಯಾದರೂ ತೆಗೆದು ನೋಡಬೇಕು. ಇದೆಲ್ಲ ಆದ ಮೇಲೆ ಅಳಿಸಿದರೆ ಕೈ ನಡುಗುವುದಿಲ್ಲ.

ಇಷ್ಟನ್ನು ಹೇಳಿದ ಮೇಲೆ, ಎಲ್ಲವನ್ನೂ ಉಳಿಸಿಕೊಳ್ಳಬೇಕೆಂದು ನಾವು ಹೇಳುತ್ತಿದ್ದೇವೆ ಎಂದು ಯಾರೂ ತಿಳಿಯಬಾರದು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಲಕ್ಕಮ್ಮನವರು ಅದನ್ನು ಒಪ್ಪದೆ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದ ಪ್ರಸಂಗ ನಮಗೆಲ್ಲ ಕಂಠಪಾಠ. ನಮ್ಮ ಫೋನುಗಳಲ್ಲಿ ದಿನವೂ ಬಂದು ಬೀಳುವ ಶುಭೋದಯದ ಹೂವುಗಳು, ಒಂದೇ ದೃಶ್ಯದ ಹದಿನೈದು ಫೋಟೋಗಳು, ನಾವು ಎಂದೂ ತಿರುಗಿ ನೋಡದ ವಿಡಿಯೋಗಳು, ಇವು ಆ ಹೆಚ್ಚಿನ ಅಕ್ಕಿಯೇ ಸರಿ. ಇದನ್ನು ಸುರಿದು ಬರಲು ಹಿಂಜರಿಯುವುದೇಕೆ? ಆದರೆ ಲಕ್ಕಮ್ಮನವರು ಚೀಲವನ್ನು ನೋಡದೆ ಸುರಿಸಲಿಲ್ಲ. ದಾಸೋಹಕ್ಕೆ ಎಷ್ಟು ಬೇಕೆಂಬುದನ್ನು ಅರಿತು, ಉಳಿದದ್ದನ್ನು ಬಿಡಿಸಿದರು. ನಾವು ತೇರಿನ ದಿನ ಮಾಡಿದ್ದು ಚೀಲವನ್ನೇ ಬೋರಲು ಹಾಕಿದ ಕೆಲಸ.

ಹಂಪಿ ಬಜಾರಿನಲ್ಲಿ ನಿಂತಾಗ ಈ ಮಾತು ಇನ್ನಷ್ಟು ನಾಟುತ್ತದೆ. ಅಲ್ಲಿಯ ಕಲ್ಲುಮಂಟಪಗಳಲ್ಲಿ ಒಂದು ಕಾಲಕ್ಕೆ ಮನೆಗಳಿದ್ದವು, ಬಳೆ ಕುಂಕುಮದ ಅಂಗಡಿಗಳಿದ್ದವು, ಚಹಾದ ಒಲೆಗಳಿದ್ದವು. ಸ್ಮಾರಕಗಳ ಸಂರಕ್ಷಣೆಗಾಗಿ 2011ರ ಜುಲೈ ತಿಂಗಳಿನಲ್ಲಿ ಅವುಗಳನ್ನು ತೆರವುಗೊಳಿಸಲಾಯಿತು. ಅಲ್ಲಿದ್ದ ಕುಟುಂಬಗಳಿಗೆ ಕಡ್ಡಿರಾಂಪುರದಲ್ಲಿ ಜಾಗ ತೋರಿಸಲಾಯಿತು. ಇಂದು ಆ ಬೀದಿ ಹೇಗಿತ್ತೆಂದು ಮೊಮ್ಮಕ್ಕಳಿಗೆ ತೋರಿಸಬೇಕಾದರೆ, ಅಂದು ಯಾರೋ ತೆಗೆದು ಇಂದಿಗೂ ಉಳಿಸಿಕೊಂಡಿರುವ ಚಿತ್ರಗಳೇ ಗತಿ. ನಮ್ಮಲ್ಲಿಯೂ ಒಂದು ಇದೆ: ಅವ್ವ ಮಂಟಪದ ಕಟ್ಟೆಯ ಮೇಲೆ ಕುಳಿತು ಸೊಸೆಗೆ ಬಳೆ ಆರಿಸುತ್ತಿರುವುದು. ಅದು ಹಳೆಯ ಫೋನಿನ ಮಸುಕು ಚಿತ್ರ. ಕೆಲವೇ ಕೆಬಿಗಳಷ್ಟು ಜಾಗ ಹಿಡಿಯುತ್ತದೆ. ಮೂರು ಫೋನುಗಳನ್ನು ದಾಟಿ ಬಂದಿದೆ. ತೇರಿನ ದಿನ ಅದು ಉಳಿದದ್ದು ನಮ್ಮ ಜಾಣತನದಿಂದಲ್ಲ. ಐದು ಎಂಬಿಗಿಂತ ಚಿಕ್ಕದಾಗಿದ್ದುದರಿಂದ.

ಈಗ ನಮ್ಮ ಮನೆಯಲ್ಲಿ ಒಂದು ಪದ್ಧತಿ ಮಾಡಿಕೊಂಡಿದ್ದೇವೆ. ಹಳಕಟ್ಟಿಯವರು ಹುಟ್ಟಿದ ಜುಲೈ 2ರಂದು, ವಚನ ಸಾಹಿತ್ಯ ಸಂರಕ್ಷಣಾ ದಿನವೆಂದು ನಾಡು ಅವರನ್ನು ನೆನೆಯುವಾಗ, ಹೊಸಪೇಟೆಯ ನಾವೂ ಕಂಪ್ಲಿಯ ತಮ್ಮನವರೂ ಒಂದೆಡೆ ಸೇರುತ್ತೇವೆ. ಬೆಳಿಗ್ಗೆ ಅವರ ಭಾವಚಿತ್ರಕ್ಕೆ ಹೂವೇರಿಸಿ, ಮಧ್ಯಾಹ್ನ ಎಲ್ಲರ ಫೋನುಗಳನ್ನು ಮುಂದಿಟ್ಟುಕೊಂಡು ಕೂರುತ್ತೇವೆ. ಬೇಕಾದವನ್ನು ಎರಡು ಹಾರ್ಡ್ ಡಿಸ್ಕುಗಳಿಗೆ ಹಾಕುತ್ತೇವೆ. ಒಂದು ನಮ್ಮಲ್ಲಿ, ಒಂದು ಕಂಪ್ಲಿಯಲ್ಲಿ. ತೆರೆದು ನೋಡುತ್ತೇವೆ. ಆಮೇಲೆ ಅಳಿಸುತ್ತೇವೆ. ಹಿರಿಯರು ಕೆಲವರಿಗೆ ಈ ಗುಂಡಿಗಳ ವಿಷಯ ಬಾರದು. ಮನೆಯ ಮಕ್ಕಳು ಆ ಕಾಯಕವನ್ನು ಸಂತೋಷದಿಂದ ಮಾಡುತ್ತಾರೆ, ಕೇಳಬೇಕಷ್ಟೆ.

ಕಳೆದ ಸಲ ಹಾಗೆ ಕುಳಿತಾಗ, ಉಳಿದ ಮೂರು ವಿಡಿಯೋಗಳನ್ನು ಪರೀಕ್ಷೆಗೆಂದು ಕೊನೆಯವರೆಗೆ ಓಡಿಸಿದೆವು. ಮೂರನೆಯದು ಮುಗಿದ ಮೇಲೂ ಅದೇ ಧಾಟಿ ಒಳಗಿನ ಕೋಣೆಯಿಂದ ಕೇಳಿಸುತ್ತಿತ್ತು. ತಮ್ಮನ ಮಗಳು ಬಟ್ಟೆ ಮಡಿಸುತ್ತ ತನ್ನಷ್ಟಕ್ಕೆ ಹಾಡಿಕೊಳ್ಳುತ್ತಿದ್ದಳು. ಹಾಡುತ್ತಿದ್ದುದು ಆ ಮೂರರಲ್ಲಿ ಇಲ್ಲದ ಬೇರೊಂದು ವಚನ. ಅದನ್ನೆಲ್ಲಿ ಕಲಿತೆ ಎಂದು ಕೇಳಿದರೆ, "ಅವ್ವ ಹೇಳಿಕೊಟ್ಟಿದ್ರಲ್ಲ ದೊಡ್ಡಪ್ಪಾ, ಫೋನು ಹಿಡಕೊಂಡು ಕೂತಾಗ" ಎಂದಳು. ಕಳೆದುಹೋದ ಎರಡರಲ್ಲಿ ಒಂದು ಅದೇ ಆಗಿತ್ತೋ ಏನೋ, ನಮಗೆ ನೆನಪು ಸಾಲದು. ಆ ದಿನ ಅವಳನ್ನು ಜಗಲಿಯ ಮುಂದೆ ಕೂರಿಸಿ ಹಾಡಿಸಿದೆವು, ವಿಡಿಯೋ ಮಾಡಿದೆವು, ಸಂಜೆಯೊಳಗೆ ಎರಡೂ ಮನೆಗಳಲ್ಲಿ ಅದರ ಪ್ರತಿ ಇರಿಸಿದೆವು.

ಬಂಧುಗಳೇ, ಮುಂದಿನ ಜಾತ್ರೆಗೋ ಮದುವೆಗೋ ಹೊರಡುವ ಹಿಂದಿನ ರಾತ್ರಿಯೇ ಫೋನಿನ ಜಾಗವನ್ನು ನೋಡಿಕೊಳ್ಳಿರಿ. ತೇರಿನ ಮುಂದೆ ನಿಂತು ಆ ಕೆಲಸಕ್ಕೆ ಕೈ ಹಾಕಬೇಡಿರಿ. ಅಂಥ ಜನಸಂದಣಿಯಲ್ಲಿ ನೆಟ್‌ವರ್ಕೂ ಸರಿಯಾಗಿ ಸಿಗುವುದಿಲ್ಲ, ಸಮಾಧಾನವೂ ಇರುವುದಿಲ್ಲ. ಅಲ್ಲಿಯೇ ಜಾಗ ತುಂಬಿತೆಂದರೆ ಒಂದು ಆಟದ ಆ್ಯಪನ್ನು ತೆಗೆಯಿರಿ, ಇಲ್ಲವೇ ಫೋನನ್ನು ಜೇಬಿಗಿಟ್ಟು ಕಣ್ಣುತುಂಬ ತೇರನ್ನು ನೋಡಿರಿ. ನಿಮ್ಮ ಮನೆಯ ಹಿರಿಯರ ಧ್ವನಿ ನಿಮ್ಮೊಬ್ಬರ ಫೋನಿನಲ್ಲಿ ಮಾತ್ರ ಇದ್ದರೆ, ಇದನ್ನು ಓದಿ ಮುಗಿಸಿದ ಕೂಡಲೇ ಇನ್ನೊಂದು ಮನೆಗೆ ಕಳುಹಿಸಿರಿ. ಶರಣು.